ಖಾನ್‌ದಾನಿ ಕಾಯಿಲೆ ಮತ್ತು ನಮ್ಮ ಪಾದಗಳು

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದು ಮತ್ತು ಕನ್ನಡ ಕಲಿಸುವ ಮಾಸ್ತರನಿಗೆ ಸಕ್ಕರೆ ಕಾಯಿಲೆಯ ಮಾತು ಯಾಕೆ ಎಂದು ಸಭೆಯಲ್ಲಿ ಕೆಲವರಿಗೆ ಅನಿಸಿರಬಹುದು. ನಾನು ವೈದ್ಯನಲ್ಲ. ಔಷಧಿಯ ಹೆಸರನ್ನಾಗಲಿ, ಗುಳಿಗೆಯ ಪ್ರಮಾಣವನ್ನಾಗಲಿ ಇಲ್ಲಿ ಹೇಳುವುದಿಲ್ಲ. ಆದರೆ ಈ ಕಾಯಿಲೆಯ ವಿಷಯದಲ್ಲಿ ಒಂದು ಶಬ್ದ ನಮ್ಮ ಜನರನ್ನು ದಾರಿ ತಪ್ಪಿಸುತ್ತಿದೆ, ಶಬ್ದದ ಅರ್ಥ ಬಿಡಿಸಿ ಹೇಳುವುದು ಭಾಷಾ ಶಿಕ್ಷಕನ ಕೆಲಸವೇ ಆಗಿದೆ. ಆ ಶಬ್ದ ‘ಖಾನ್‌ದಾನಿ’. ನಮ್ಮ ಮನೆಗಳಲ್ಲಿ ಯಾರಿಗಾದರೂ ಶುಗರ್ ಬಂತೆಂದರೆ “ಖಾನ್‌ದಾನಿ ಹೈ, ಕ್ಯಾ ಕರ್ನಾ” ಎನ್ನುತ್ತಾರೆ. ಪಕ್ಕದ ಓಣಿಯಲ್ಲಿ ಅದನ್ನೇ ಕನ್ನಡದಲ್ಲಿ “ನಮ್ಮ ಮನೆತನದಾಗ ಐತ್ರಿ ಸರ, ಏನ್ ಮಾಡೂದು” ಎನ್ನುತ್ತಾರೆ. ಎರಡೂ ಮಾತು ಒಂದು ನಿಟ್ಟುಸಿರಿನಲ್ಲಿ ಮುಗಿಯುತ್ತವೆ. ಕಾಲಿಗೆ ಗಾಯವಾದಾಗಲೂ ಅದೇ ಮಾತು, ಬೆರಳು ಕಪ್ಪಾದಾಗಲೂ ಅದೇ ಮಾತು, ಕಾಲು ಕತ್ತರಿಸಿದ ಮೇಲೂ ಅದೇ ಮಾತು. “ಅವರ ಅಬ್ಬಾನದೂ ಹಿಂಗೇ ಆಗಿತ್ತು” ಎಂದು ಹೇಳಿ ಎಲ್ಲರೂ ಸುಮ್ಮನಾಗುತ್ತಾರೆ.

ಈ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂಬುದೇ ಇವತ್ತಿನ ನನ್ನ ವಿಷಯ.

ಮೊದಲು ನಿಜ ಇರುವುದನ್ನು ಒಪ್ಪಿಕೊಳ್ಳೋಣ. ಎರಡನೆಯ ಬಗೆಯ ಮಧುಮೇಹ, ಅಂದರೆ ಸಾಮಾನ್ಯವಾಗಿ ದೊಡ್ಡವರಾದ ಮೇಲೆ ಬರುವ ಸಕ್ಕರೆ ಕಾಯಿಲೆ, ಮನೆತನಗಳಲ್ಲಿ ಹರಿದು ಬರುತ್ತದೆ. ತಾಯಿ ತಂದೆಯರಲ್ಲಿ ಒಬ್ಬರಿಗೆ ಇದ್ದರೆ ಮಗುವಿಗೆ ಜೀವಮಾನದಲ್ಲಿ ಬರುವ ಸಂಭವ ಶೇಕಡಾ 40ರಷ್ಟು, ಇಬ್ಬರಿಗೂ ಇದ್ದರೆ ಶೇಕಡಾ 70ರಷ್ಟು ಎಂದು ಪಾಶ್ಚಾತ್ಯ ದೇಶಗಳ ವೈದ್ಯರು ಲೆಕ್ಕ ಹಾಕಿದ್ದಾರೆ. 2006ರಲ್ಲಿ ಐಸ್‌ಲ್ಯಾಂಡ್ ದೇಶದ ವಿಜ್ಞಾನಿಗಳು ಟಿಸಿಎಫ್7ಎಲ್2 ಎಂಬ ವಂಶವಾಹಿಯನ್ನು ಗುರುತಿಸಿದರು. ಅದರ ಒಂದು ರೂಪ ತಾಯಿಯಿಂದಲೋ ತಂದೆಯಿಂದಲೋ ಒಂದು ಪ್ರತಿಯಾಗಿ ಬಂದರೆ ಕಾಯಿಲೆಯ ಅಪಾಯ ಸುಮಾರು ಒಂದೂವರೆ ಪಟ್ಟು, ಎರಡೂ ಕಡೆಯಿಂದ ಬಂದರೆ ಎರಡು ಪಟ್ಟಿಗಿಂತ ಹೆಚ್ಚು. ಮರುವರ್ಷವೇ, 2007ರಲ್ಲಿ, ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯವರು ಮತ್ತು ಪುಣೆಯ ವೈದ್ಯರು ಭಾರತೀಯರಲ್ಲಿಯೂ ಇದು ಹೀಗೆಯೇ ಕೆಲಸ ಮಾಡುತ್ತದೆಂದು ತೋರಿಸಿದರು. ಆಮೇಲೆ ಇಂತಹ ತಾಣಗಳು ಒಂದೊಂದಾಗಿ ಸಿಗುತ್ತಾ ಹೋದವು. 2024ರಲ್ಲಿ ಜಗತ್ತಿನ 25 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯಿಂದ ಪ್ರಕಟವಾದ ಅಧ್ಯಯನದಲ್ಲಿ ಅವುಗಳ ಸಂಖ್ಯೆ 611.

ವಿದ್ಯಾರ್ಥಿ ಮಿತ್ರರೇ, ಈ 611 ಎಂಬ ಅಂಕಿಯನ್ನು ನೆನಪಿಡಿರಿ. ಸಕ್ಕರೆ ಕಾಯಿಲೆಗೆ ‘ಒಂದು’ ವಂಶವಾಹಿ ಎಂಬುದಿಲ್ಲ. ನೂರಾರು ಇವೆ, ಪ್ರತಿಯೊಂದೂ ಸ್ವಲ್ಪ ಸ್ವಲ್ಪ ತಳ್ಳುತ್ತದೆ. ಯಾರೊಬ್ಬರಲ್ಲಿಯೂ ಎಲ್ಲವೂ ಇರುವುದಿಲ್ಲ, ಯಾವುದೂ ಇಲ್ಲದವರೂ ಇಲ್ಲ.

ಇಲ್ಲಿ ಎರಡೂ ಭಾಷೆಗಳ ಶಬ್ದ ನೋಡಿರಿ. ಕನ್ನಡದಲ್ಲಿ ‘ವಂಶವಾಹಿ’ ಎನ್ನುತ್ತೇವೆ, ವಂಶವನ್ನು ಹೊತ್ತು ತರುವುದು ಎಂದು ಅರ್ಥ. ಉರ್ದುವಿನಲ್ಲಿ ‘ಮೌರೂಸಿ’ ಎನ್ನುತ್ತೇವೆ. ಅದು ‘ವಿರಾಸತ್’ ಎಂಬ ಶಬ್ದದ ಬಳಗದ್ದು, ಅಂದರೆ ಪಿತ್ರಾರ್ಜಿತ ಆಸ್ತಿ ಎಂಬ ಅರ್ಥ ಅದರಲ್ಲಿದೆ. ನನಗೆ ಉರ್ದು ಶಬ್ದವೇ ಹೆಚ್ಚು ಸರಿ ಎನಿಸುತ್ತದೆ. ಅಜ್ಜನಿಂದ ಎರಡು ಎಕರೆ ಹೊಲ ಬಂತು ಎನ್ನಿರಿ. ಹೊಲ ಬಂದಿದೆ, ಬೆಳೆ ಬಂದಿಲ್ಲ. ಘಟಪ್ರಭಾ ಕಾಲುವೆಯ ನೀರಿರುವ ಹೊಲದಲ್ಲಿ ಮತ್ತು ಹುಕ್ಕೇರಿಯ ಮಡ್ಡಿಯ ಮೇಲಿನ ಹೊಲದಲ್ಲಿ ಒಂದೇ ದಿನ 86032 ತಳಿಯ ಕಬ್ಬನ್ನೇ ಹಚ್ಚಿರಿ. ಬೀಜ ಒಂದೇ, ಕಾರ್ಖಾನೆಯ ತೂಕದ ಚೀಟಿ ಬೇರೆ ಬೇರೆ ಆಗಿರುತ್ತದೆ. ಇಲ್ಲಿ ಕುಳಿತಿರುವ ರೈತರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಮನೆತನದಲ್ಲಿ ಬಂದದ್ದೆಲ್ಲ ವಂಶವಾಹಿಯಿಂದಲೇ ಬಂದದ್ದಲ್ಲ ಎಂಬುದನ್ನು ತೋರಿಸಿದ್ದು ನಮ್ಮ ಕರ್ನಾಟಕದ್ದೇ ಒಂದು ಆಸ್ಪತ್ರೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಪ್ರತಿಯೊಂದು ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾದಿಯರು ರಜಿಸ್ಟರಿನಲ್ಲಿ ಬರೆದಿಡುತ್ತಾ ಬಂದಿದ್ದರು. ಐವತ್ತು ಅರವತ್ತು ವರ್ಷಗಳ ನಂತರ ಸಂಶೋಧಕರು ಆ ರಜಿಸ್ಟರುಗಳನ್ನು ಹಿಡಿದು, ಅದರಲ್ಲಿದ್ದ ಐನೂರಕ್ಕೂ ಹೆಚ್ಚು ಜನರನ್ನು ಹುಡುಕಿ ರಕ್ತ ಪರೀಕ್ಷೆ ಮಾಡಿದರು. (ರಜಿಸ್ಟರು ಸರಿಯಾಗಿ ಬರೆಯಿರಿ ಎಂದು ನಾವು ಶಾಲೆಗಳಲ್ಲಿ ಹೇಳಿದಾಗ ಮುಖ ಸಿಂಡರಿಸುವವರು ಇದನ್ನು ಕೇಳಬೇಕು.) ಹುಟ್ಟಿದಾಗ ಗಿಡ್ಡವಾಗಿದ್ದು ಮೈ ತುಂಬಿಕೊಂಡಿದ್ದ ಮಕ್ಕಳಲ್ಲಿ, ತಾಯಂದಿರು ಹೆಚ್ಚು ತೂಕದವರಾಗಿದ್ದ ಮಕ್ಕಳಲ್ಲಿ, ಮುಂದೆ ಸಕ್ಕರೆ ಕಾಯಿಲೆ ಹೆಚ್ಚಾಗಿತ್ತು. ಬಸುರಿಯ ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದ್ದರೆ ಅದು ಹೊಟ್ಟೆಯೊಳಗಿನ ಮಗುವನ್ನೂ ಮುಟ್ಟುತ್ತದೆಯೇ ಎಂಬ ಪ್ರಶ್ನೆ ಎದ್ದಿತು. ಅದಕ್ಕಾಗಿ 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರನ್ನು ಪರೀಕ್ಷಿಸಿ ಅವರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. 2010ರಲ್ಲಿ ಡಾ. ಕೃಷ್ಣವೇಣಿ ಮತ್ತು ಸಂಗಡಿಗರು ಪ್ರಕಟಿಸಿದಂತೆ, ಗರ್ಭಾವಸ್ಥೆಯಲ್ಲಿ ಸಕ್ಕರೆ ಇದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತು ಹತ್ತನೆಯ ವಯಸ್ಸಿಗೇ ಕೊಬ್ಬು ಹೆಚ್ಚು, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವ ಲಕ್ಷಣ ಹೆಚ್ಚು. ತಂದೆಗೆ ಮಾತ್ರ ಕಾಯಿಲೆ ಇದ್ದ ಮಕ್ಕಳಲ್ಲಿ ಇದು ಅಷ್ಟು ಗಾಢವಾಗಿರಲಿಲ್ಲ. ವಂಶವಾಹಿ ತಾಯಿ ತಂದೆ ಇಬ್ಬರಿಂದಲೂ ಅರ್ಧ ಅರ್ಧ ಬರುತ್ತದೆ. ಹಾಗಿದ್ದೂ ತಾಯಿಯ ಕಡೆಯದು ಹೆಚ್ಚಾದರೆ, ಅದರಲ್ಲಿ ಗರ್ಭದ ಪಾಲೂ ಇದೆ ಎಂದಾಯಿತು. ಬಸುರಿ ಹೆಂಗಸಿಗೆ ಸಕ್ಕರೆ ಪರೀಕ್ಷೆ ಮಾಡಿಸಿದರೆ ಆ ಪಾಲನ್ನು ತಗ್ಗಿಸಬಹುದು. ‘ಖಾನ್‌ದಾನಿ’ ಎಂಬ ಗೋಡೆಯಲ್ಲಿ ಇದು ಮೊದಲನೆಯ ಬಿರುಕು.

ಈಗ ಕಾಲಿಗೆ ಬರುತ್ತೇನೆ.

ಸಕ್ಕರೆ ಬಂದ ಮೇಲೆ ಕಾಲು ಯಾಕೆ ಕೆಡುತ್ತದೆ? ಕಾಲಿನ ನರಗಳು ದೇಹದಲ್ಲಿಯೇ ಅತಿ ಉದ್ದವಾದವು. ಬೆನ್ನಿನ ಕೆಳಭಾಗದಿಂದ ಹೆಬ್ಬೆರಳಿನ ತುದಿಯವರೆಗೆ ಹೆಚ್ಚು ಕಡಿಮೆ ಒಂದು ಮೀಟರ್. ಕಾಲುವೆಯ ಕೊನೆಯ ಹೊಲಕ್ಕೆ ನೀರು ಮೊದಲು ನಿಲ್ಲುವ ಹಾಗೆ, ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿದ್ದರೆ ಉದ್ದ ನರಗಳ ತುದಿ ಮೊದಲು ಸಾಯುತ್ತದೆ. ಆದ್ದರಿಂದಲೇ ಜೋಮು ಮೊದಲು ಬೆರಳ ತುದಿಯಲ್ಲಿ, ಎರಡೂ ಕಾಲಿನಲ್ಲಿ ಒಟ್ಟಿಗೇ ಶುರುವಾಗಿ ಮೇಲೇರುತ್ತದೆ. ಕೆಲವರಿಗೆ ರಾತ್ರಿ ಅಂಗಾಲು ಉರಿಯುತ್ತದೆ, ಇರುವೆ ಹರಿದಂತಾಗುತ್ತದೆ. ಆಮೇಲೆ ಒಂದು ದಿನ ಉರಿ ನಿಲ್ಲುತ್ತದೆ. “ಆರಾಮ ಆತು” ಎಂದು ಮನೆಯವರು ಸಂತೋಷಪಡುತ್ತಾರೆ. ಎಷ್ಟೋ ಸಲ ಅದು ಆರಾಮವಾದದ್ದಲ್ಲ, ಸುದ್ದಿ ತರುವ ನರವೇ ಸತ್ತದ್ದು.

ನೋವಿಲ್ಲದ ಕಾಲಿಗೆ ಕಲ್ಲು ಚುಚ್ಚಿದರೂ ತಿಳಿಯದು, ಬಿಸಿ ತಗಡು ತಾಗಿದರೂ ತಿಳಿಯದು. ನರ ಸತ್ತರೆ ಬೆವರೂ ನಿಲ್ಲುತ್ತದೆ, ಹಿಮ್ಮಡಿ ಒಡೆಯುತ್ತದೆ. ಪಾದದ ಸಣ್ಣ ಸ್ನಾಯುಗಳು ಸೊರಗಿ ಬೆರಳುಗಳು ಕೊಕ್ಕೆಯಂತೆ ಬಾಗುತ್ತವೆ, ಭಾರವೆಲ್ಲ ಒಂದೆರಡು ಜಾಗದ ಮೇಲೆ ಬೀಳುತ್ತದೆ, ಅಲ್ಲಿ ಚರ್ಮ ಜಡ್ಡುಗಟ್ಟುತ್ತದೆ. ಆ ಜಡ್ಡಿನ ಅಡಿಯಲ್ಲಿಯೇ ಹುಣ್ಣು ಹುಟ್ಟುತ್ತದೆ. ಇನ್ನು ರಕ್ತನಾಳ ಕಟ್ಟಿಕೊಂಡಿದ್ದರೆ ಹುಣ್ಣು ಮಾಯುವುದಿಲ್ಲ, ಸೋಂಕು ಹತ್ತಿದರೆ ಮೂಳೆಯವರೆಗೂ ಹೋಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಕಾಲು ಕತ್ತರಿಸಬೇಕಾದ ಪ್ರಕರಣಗಳಲ್ಲಿ ಶೇಕಡಾ 85ರಷ್ಟು ಒಂದು ಸಣ್ಣ ಹುಣ್ಣಿನಿಂದಲೇ ಶುರುವಾದವು ಎನ್ನುತ್ತಾರೆ. ಕಾಯಿಲೆ ಇರುವ ನಾಲ್ಕು ಜನರಲ್ಲಿ ಹೆಚ್ಚು ಕಡಿಮೆ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆ ಇಂತಹ ಹುಣ್ಣಾಗುತ್ತದೆ. ಐಸಿಎಂಆರ್ ಆಶ್ರಯದ ಅಧ್ಯಯನ 2023ರಲ್ಲಿ ಹೇಳಿದಂತೆ ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಗುಣಿಸುವುದನ್ನು ಗಣಿತದ ಮಾಸ್ತರರಿಗೆ ಬಿಡುತ್ತೇನೆ.

ಹಾಗಾದರೆ ಕಾಯಿಲೆ ಖಾನ್‌ದಾನಿ ಇದ್ದ ಹಾಗೆ ಕಾಲಿನ ಹುಣ್ಣೂ ಖಾನ್‌ದಾನಿಯೇ? ಇದನ್ನು ವಿಜ್ಞಾನಿಗಳು ಹುಡುಕದೆ ಬಿಟ್ಟಿಲ್ಲ. ಗಾಯದ ಜಾಗದಲ್ಲಿ ಹೊಸ ರಕ್ತನಾಳ ಬೆಳೆಸುವ ವಂಶವಾಹಿಗಳು, ಆಮ್ಲಜನಕ ಕಡಿಮೆಯಾದಾಗ ಎಚ್ಚರಿಸುವ ವಂಶವಾಹಿಗಳು, ಸೋಂಕನ್ನು ಗುರುತಿಸುವ ವಂಶವಾಹಿಗಳು, ಹೀಗೆ ಹಲವನ್ನು ಬೇರೆ ಬೇರೆ ದೇಶಗಳಲ್ಲಿ ಪರೀಕ್ಷಿಸಿದರು. ಸಣ್ಣ ಸಣ್ಣ ಗುಂಪುಗಳ ಅಧ್ಯಯನಗಳಾದ್ದರಿಂದ ಒಂದು ಕಡೆ ಹೌದು ಎಂದದ್ದು ಇನ್ನೊಂದು ಕಡೆ ಅಲ್ಲ ಎಂದಾಯಿತು. 2017ರಲ್ಲಿ ಸ್ಕಾಟ್ಲೆಂಡಿನ ಟೇಸೈಡ್ ಪ್ರದೇಶದ ಮಧುಮೇಹಿಗಳ ಪೂರ್ಣ ವಂಶವಾಹಿ ಪಟ್ಟಿಯನ್ನೇ ಜಾಲಾಡಿದ ಅಧ್ಯಯನ ಬಂತು. ಆರನೆಯ ವರ್ಣತಂತುವಿನಲ್ಲಿರುವ ಎಂಎಪಿಕೆ14 ಎಂಬ ವಂಶವಾಹಿಯ ಹತ್ತಿರ ಒಂದು ಸುಳಿವು ಸಿಕ್ಕಿತು. ಆದರೆ ಆ ಲೇಖನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಒಂದು ಅಂಕಿ. ಒಬ್ಬ ಮಧುಮೇಹಿಗೆ ಕಾಲಿನ ಹುಣ್ಣಾಗಿ ಇನ್ನೊಬ್ಬನಿಗೆ ಆಗದಿರುವ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು ಎಷ್ಟು ಎಂದು ಅವರು ಲೆಕ್ಕ ಹಾಕಿದರು. ಉತ್ತರ 0.06, ಅಂದರೆ ನೂರರಲ್ಲಿ ಆರು.

ನೂರರಲ್ಲಿ ಆರು! ಉಳಿದ ತೊಂಬತ್ತನಾಲ್ಕನ್ನು ನಾವು ಯಾರ ಖಾತೆಗೆ ಹಾಕುತ್ತಿದ್ದೇವೆ?

ನರಗಳ ವಿಷಯದಲ್ಲಿ ಸ್ವಲ್ಪ ಹೆಚ್ಚು ತಿಳಿದುಬಂದಿದೆ. 2019ರಲ್ಲಿ ಅಮೆರಿಕದ ಎರಡು ದೊಡ್ಡ ಅಧ್ಯಯನಗಳ ಮಾಹಿತಿಯಿಂದ, ಎರಡನೆಯ ವರ್ಣತಂತುವಿನ ಒಂದು ತಾಣ ಮಧುಮೇಹಿಗಳ ನರಗಳನ್ನು ಕಾಪಾಡುವುದರಲ್ಲಿಯೋ ಕೆಡಿಸುವುದರಲ್ಲಿಯೋ ಪಾತ್ರ ವಹಿಸುತ್ತದೆ ಎಂದು ಕಂಡುಬಂತು. ಮುಂದೆ ಔಷಧಿ ಹುಡುಕುವವರಿಗೆ ಇದು ದಾರಿ ತೋರಿಸಬಹುದು. ಆದರೆ ಸಾವಿರಾರು ರೂಪಾಯಿ ತೆತ್ತು ಉಗುಳಿನಿಂದ ಜೀನ್ ಪರೀಕ್ಷೆ ಮಾಡಿಸಿಕೊಳ್ಳಿ ಎಂಬ ಜಾಹೀರಾತು ನೋಡಿ ಯಾರೂ ಮರುಳಾಗಬೇಕಿಲ್ಲ. ನಿಮ್ಮ ಕಾಲು ಉಳಿಯುವುದೋ ಇಲ್ಲವೋ ಎಂದು ಹೇಳುವ ಜೀನ್ ಪರೀಕ್ಷೆ ಇಲ್ಲ. ಅದನ್ನು ಹೇಳುವ ಪುಕ್ಕಟೆ ಪರೀಕ್ಷೆ ಬೇರೆ ಇದೆ, ಕೊನೆಗೆ ಕಲಿಸುತ್ತೇನೆ.

ಸ್ಕಾಟ್ಲೆಂಡಿನವರ ಲೆಕ್ಕ ನಮಗೇಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮವರ ಲೆಕ್ಕವನ್ನೇ ನೋಡೋಣ. ಮ್ಯಾಂಚೆಸ್ಟರಿನ ಸಂಶೋಧಕರು ವಾಯವ್ಯ ಇಂಗ್ಲೆಂಡಿನ 15,000ಕ್ಕೂ ಹೆಚ್ಚು ಮಧುಮೇಹಿಗಳ ಪಾದಗಳನ್ನು ಪರೀಕ್ಷಿಸಿ 2005ರಲ್ಲಿ ವರದಿ ಕೊಟ್ಟರು. ಬಿಳಿಯರಲ್ಲಿ ನೂರಕ್ಕೆ 5.5 ಜನರಿಗೆ ಕಾಲಿನ ಹುಣ್ಣಿನ ಇತಿಹಾಸವಿದ್ದರೆ, ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳ ಮೂಲದವರಲ್ಲಿ 1.8 ಮಾತ್ರ. ಮೂರನೆಯ ಒಂದು ಪಾಲು! ಸಕ್ಕರೆ ಕಾಯಿಲೆ ನಮ್ಮವರಿಗೇ ಹೆಚ್ಚು, ಹುಣ್ಣು ನಮ್ಮವರಿಗೇ ಕಡಿಮೆ. ನಮ್ಮವರ ನರಗಳು ಕಡಿಮೆ ಕೆಟ್ಟಿದ್ದವು, ಕಾಲಿನ ರಕ್ತನಾಳಗಳು ಕಡಿಮೆ ಕಟ್ಟಿದ್ದವು, ಪಾದದ ಆಕಾರ ಹೆಚ್ಚು ನೆಟ್ಟಗಿತ್ತು. ಇವೆಲ್ಲ ಸೇರಿದರೂ ಅರ್ಧದಷ್ಟು ವ್ಯತ್ಯಾಸಕ್ಕೆ ಮಾತ್ರ ಕಾರಣ ಸಿಕ್ಕಿತು. ಅದೇ ಊರಿನ ಮುಂದಿನ ಅಧ್ಯಯನವೊಂದರಲ್ಲಿ ಭಾರತೀಯ ಮೂಲದವರ ಪಾದದ ಚರ್ಮದಲ್ಲಿ ಸೂಕ್ಷ್ಮ ರಕ್ತಸಂಚಾರ ಉತ್ತಮವಾಗಿದೆ ಎಂದೂ ಕಂಡುಬಂತು.

ಇದರ ಅರ್ಥ ನೋಡಿರಿ. ನಮ್ಮ ರಕ್ತ ನಮ್ಮ ಕಾಲಿಗೆ ವೈರಿಯಲ್ಲ. ಬಹುಶಃ ಮಿತ್ರನೇ ಇರಬೇಕು. ಹಾಗಿದ್ದೂ ನಮ್ಮ ತಾಲೂಕುಗಳಲ್ಲಿ ಊರಿಗೆ ಒಬ್ಬಿಬ್ಬರು ಬಗಲಲ್ಲಿ ಕೋಲು ಹಿಡಿದವರು ಕಾಣುತ್ತಾರೆಂದರೆ, ಕಾರಣವನ್ನು ಮಣ್ಣಿನ ಮೇಲೆ ಹುಡುಕಬೇಕು, ರಕ್ತದೊಳಗಲ್ಲ.

ಮಣ್ಣಿನ ಮೇಲೆ ಏನಿದೆ? ಕಬ್ಬಿನ ಕೂಳೆ ಇದೆ. ಕಟಾವು ಮಾಡಿದ ಹೊಲದಲ್ಲಿ ಬರಿಗಾಲಲ್ಲಿ ನಡೆಯುವವರಿಗೆ ಅದು ಭರ್ಚಿಯ ಮೊನೆ. ರವದಿ ಸುಟ್ಟ ಬೂದಿಯ ಕೆಳಗೆ ಕೆಂಡ ಇರುತ್ತದೆ. ನಮ್ಮ ಭಾಗದ ಹೆಮ್ಮೆಯ ಕೊಲ್ಹಾಪುರಿ ಚಪ್ಪಲಿ ಇದೆ. ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳು ಕೈಯಿಂದ ಹೊಲಿಯುವ ಆ ಚಪ್ಪಲಿಯ ಬಗ್ಗೆ ನನಗೆ ಗೌರವವಿದೆ. ಆದರೆ ಗಟ್ಟಿ ತೊಗಲಿನ ಅಟ್ಟೆ, ಹೆಬ್ಬೆರಳಿಗೆ ಬಿಗಿಯುವ ಉಂಗುಟ, ಇವೆರಡೂ ಜೋಮು ಹಿಡಿದ ಪಾದಕ್ಕೆ ಸಲ್ಲವು. ಉಂಗುಟ ಉಜ್ಜಿ ರಕ್ತ ಬಂದರೂ ಆ ಕಾಲಿಗೆ ಗೊತ್ತಾಗುವುದಿಲ್ಲ. ನಿಪ್ಪಾಣಿಯ ತಂಬಾಕಂತೂ ಮನೆ ಬಾಗಿಲಲ್ಲೇ ಇದೆ, ಬೀಡಿ ಕಾಲಿನ ರಕ್ತನಾಳವನ್ನು ಕಟ್ಟುವ ದೊಡ್ಡ ಕಾರಣ. ಪಂಢರಪುರಕ್ಕೆ, ಸವದತ್ತಿ ಎಲ್ಲಮ್ಮನಿಗೆ, ಶ್ರೀಶೈಲಕ್ಕೆ ಬರಿಗಾಲಲ್ಲಿ ನಡೆದು ಹೋಗುವ ನಮ್ಮ ಹಿಂದೂ ಬಾಂಧವರಿದ್ದಾರೆ. ನಮ್ಮಲ್ಲಿ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಜುಮ್ಮಾ ನಮಾಜಿಗೆ ಮಸೀದಿಯ ಅಂಗಳದ ಕಾದ ಹಾಸುಗಲ್ಲು ದಾಟುವ ಹಿರಿಯರಿದ್ದಾರೆ. ಹಜ್ ಯಾತ್ರೆಯಲ್ಲಿ ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ನಡೆದು ಅಂಗಾಲು ಬೆಂದುಹೋದ ಮಧುಮೇಹಿ ಹಾಜಿಗಳ ಬಗ್ಗೆ ಸೌದಿ ವೈದ್ಯರೇ ಬರೆದಿದ್ದಾರೆ. ಭಕ್ತಿ ದೊಡ್ಡದು, ಆದರೆ ಒಂದು ಜೊತೆ ದಪ್ಪ ಕಾಲುಚೀಲ ಹಾಕಿಕೊಂಡರೆ ಭಕ್ತಿಗೆ ಕುಂದು ಬರುವುದಿಲ್ಲ.

ಇನ್ನೊಂದು ಸಂಗತಿ ಕೇಳಿ ನಗಬೇಡಿರಿ. ಇಲಿ. ನೆಲದ ಮೇಲೆ ಮಲಗುವ ಮನೆಗಳಲ್ಲಿ ಜೋಮು ಹಿಡಿದ ಬೆರಳನ್ನು ರಾತ್ರಿ ಇಲಿ ಕಡಿದು ಹೋಗುತ್ತದೆ, ಮಲಗಿದವರಿಗೆ ಎಚ್ಚರವಾಗುವುದಿಲ್ಲ. ಭಾರತದ ಮಧುಮೇಹ ತಜ್ಞರು ಇದನ್ನು ಮತ್ತೆ ಮತ್ತೆ ದಾಖಲಿಸಿದ್ದಾರೆ. ಇದನ್ನು ಮೊದಲು ಅರ್ಥ ಮಾಡಿಕೊಂಡದ್ದು ಕುಷ್ಠರೋಗದ ವೈದ್ಯರು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ 1946ರಲ್ಲಿ ಬಂದ ಡಾ. ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಬೆರಳು ತಾನಾಗಿ ಕೊಳೆತು ಬೀಳುವುದಿಲ್ಲ, ನೋವು ಗೊತ್ತಾಗದ್ದರಿಂದ ಅವರು ದಿನವೂ ಗಾಯ ಮಾಡಿಕೊಳ್ಳುತ್ತಾರೆ ಎಂದು ಕಂಡುಕೊಂಡರು. ರಾತ್ರಿ ಇಲಿಗಳು ಬೆರಳು ಕಡಿಯುತ್ತಿದ್ದುದನ್ನು ನೋಡಿ ರೋಗಿಗಳಿಗೆ ಬೆಕ್ಕು ಸಾಕಲು ಕೊಟ್ಟರು! ಮೆತ್ತನೆಯ ಸೂಕ್ಷ್ಮರಂಧ್ರದ ರಬ್ಬರಿನ ಚಪ್ಪಲಿ, ಅಂದರೆ ಈಗ ಎಂಸಿಆರ್ ಎನ್ನುವ ಚಪ್ಪಲಿ, ಆ ವೆಲ್ಲೂರು ಮತ್ತು ಕರಿಗಿರಿಯ ಕೆಲಸದಿಂದಲೇ ಬಂದದ್ದು. 1966ರಲ್ಲಿ ಅವರು ಅಮೆರಿಕಕ್ಕೆ ಹೋದ ಮೇಲೆ ಅದೇ ಪಾಠ ಮಧುಮೇಹಿಗಳ ಪಾದಕ್ಕೂ ಅನ್ವಯವಾಯಿತು. ಇಂದು ಜಗತ್ತಿನ ದೊಡ್ಡ ಆಸ್ಪತ್ರೆಗಳಲ್ಲಿ ಸಕ್ಕರೆ ಕಾಯಿಲೆಯ ಪಾದಕ್ಕೆ ಕೊಡುವ ಆರೈಕೆಯ ಒಂದು ಬೇರು ತಮಿಳುನಾಡಿನ ಬಡ ಕುಷ್ಠರೋಗಿಗಳ ಓಣಿಯಲ್ಲಿದೆ.

ಈಗ ನನ್ನ ಮನೆಯ ಒಂದು ಮಾತು. ಹುಕ್ಕೇರಿ ತಾಲೂಕಿನ ಹಳ್ಳಿಯೊಂದರಲ್ಲಿ ನನಗೆ ಇಬ್ಬರು ಮಾಮುಗಳು. ಒಂದೇ ತಾಯಿ ತಂದೆಯ ಮಕ್ಕಳು, ಇಬ್ಬರಿಗೂ ಸಕ್ಕರೆ. ದೊಡ್ಡ ಮಾಮು ಒಕ್ಕಲುತನ ಮಾಡುವವರು. ನಾನು ಪರೀಕ್ಷೆ ಮಾಡಿಸಿಕೊಳ್ಳಿ ಎಂದಾಗಲೆಲ್ಲ “ಖಾನ್‌ದಾನಿ ಹೈ ಬೇಟಾ” ಎಂದು ನಗುತ್ತಿದ್ದರು. ಒಂದು ದಿನ ಚಪ್ಪಲಿಯ ಅಟ್ಟೆಯಿಂದ ಎದ್ದ ಮೊಳೆ ಅಂಗಾಲಿಗೆ ಚುಚ್ಚಿತು. ಎಷ್ಟು ದಿನ ಚುಚ್ಚುತ್ತಿತ್ತೋ ಅವರಿಗೆ ತಿಳಿಯದು. ವಾಸನೆ ಬಂದ ಮೇಲೆ ಮುಮಾನಿ ನೋಡಿದರು. ಅರಿಶಿನ ಹಚ್ಚಿದರು, ಯಾರೋ ಹೇಳಿದರೆಂದು ಸುಣ್ಣ ತಂಬಾಕು ಕಟ್ಟಿದರು. ಊರಿನಲ್ಲಿ ಇಂಜೆಕ್ಷನ್ ಮಾಡುವವರೊಬ್ಬರು ಮೂರು ವಾರ ಪಟ್ಟಿ ಕಟ್ಟಿದರು, ಒಂದು ಸಲವೂ ರಕ್ತದ ಸಕ್ಕರೆ ನೋಡಲಿಲ್ಲ. ದೊಡ್ಡ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಎರಡು ಬೆರಳು ಹೋಗಿದ್ದವು. ಆಮೇಲೆ ಮೊಣಕಾಲಿನ ಕೆಳಗೆ ಕಾಲೇ ಹೋಯಿತು.

ಸಣ್ಣ ಮಾಮು ಊರಲ್ಲಿಯೇ ದರ್ಜಿ. ಅವರಿಗೆ ಸಕ್ಕರೆ ಬಂದದ್ದು ಅಣ್ಣನಿಗಿಂತ ಮೊದಲು. ಅವರ ಮನೆಯಲ್ಲಿ ಇಶಾ ನಮಾಜಿನ ನಂತರ ಮುಮಾನಿ ದೀಪ ಹಿಡಿದು ಅವರ ಎರಡೂ ಪಾದ ನೋಡುತ್ತಾರೆ, ಬೆರಳ ಸಂದಿ ಒರೆಸುತ್ತಾರೆ, ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ಸಂದಿಯಲ್ಲಿ ಮಾತ್ರ ಹಚ್ಚುವುದಿಲ್ಲ. ಎರಡೂ ಕಾಲು ನೆಟ್ಟಗಿವೆ. ಅಣ್ಣತಮ್ಮಂದಿರ ವಂಶವಾಹಿ ಪೂರ್ತಿ ಒಂದೇ ಅಲ್ಲ, ಸುಮಾರು ಅರ್ಧ ಒಂದೇ ಎಂದು ವಿಜ್ಞಾನದ ಶಿಕ್ಷಕರು ನನ್ನನ್ನು ತಿದ್ದಬಹುದು. ತಿದ್ದಲಿ. ಆದರೂ ಆ ಮನೆಯ ಮುಮಾನಿಯ ದೀಪವನ್ನು ನಾನು ಲೆಕ್ಕದಿಂದ ಬಿಡಲಾರೆ.

ಇದನ್ನು ಶೈಕ್ಷಣಿಕ ಸಂಸ್ಥೆಯ ವೇದಿಕೆಯಲ್ಲಿ ಹೇಳಲು ಕಾರಣವಿದೆ. ದೊಡ್ಡ ಮಾಮುವಿನ ಕಾಲು ಹೋದಾಗ ಅವರ ಮಗಳು ದ್ವಿತೀಯ ಪಿಯುಸಿಯಲ್ಲಿದ್ದಳು. ಆಸ್ಪತ್ರೆಯಲ್ಲಿ ಯಾರಾದರೂ ಇರಬೇಕಲ್ಲ, ಅವಳು ಇದ್ದಳು. ಆಮೇಲೆ ಮನೆಯಲ್ಲಿ ಯಾರಾದರೂ ಇರಬೇಕಲ್ಲ, ಅವಳೇ ಉಳಿದಳು. ಒಂದು ಎಕರೆ ಹೊಲ ಮಾರಾಟವಾಯಿತು, ಅವಳ ಪರೀಕ್ಷೆ ತಪ್ಪಿತು. ಹಾಜರಿ ಪುಸ್ತಕದಲ್ಲಿ ನಾವು ‘ಶಾಲೆ ಬಿಟ್ಟ ಮಗು’ ಎಂದು ಬರೆಯುತ್ತೇವೆ. ಅದರ ಹಿಂದೆ ಯಾರ ಕಾಲಿದೆ, ಯಾರ ಕೆಮ್ಮಿದೆ, ಯಾರ ಕಿಡ್ನಿ ಇದೆ ಎಂದು ಬರೆಯಲು ಆ ಪುಸ್ತಕದಲ್ಲಿ ಕಾಲಂ ಇಲ್ಲ.

ಒಂದು ನಾಜೂಕು ವಿಷಯ ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. ಸಂಬಂಧದೊಳಗಿನ ಮದುವೆ. ನಮ್ಮಲ್ಲಿ ಚಾಚಾ, ಮಾಮು, ಖಾಲಾರ ಮಕ್ಕಳ ನಡುವೆ ನಿಕಾಹ್ ಆಗುತ್ತದೆ. ಇದೇ ತಾಲೂಕುಗಳ ಹಿಂದೂ ಮನೆಗಳಲ್ಲಿ ಅಕ್ಕನ ಮಗಳನ್ನೂ, ಸೋದರತ್ತೆಯ ಮಗಳನ್ನೂ ತಂದುಕೊಳ್ಳುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮದುವೆಗಳು ರಕ್ತಸಂಬಂಧದೊಳಗೇ ಆಗುತ್ತವೆ. ಆದ್ದರಿಂದ ಇದನ್ನು ಒಂದು ಸಮಾಜದ ಮೇಲೆ ಬೊಟ್ಟು ಮಾಡುವ ವಿಷಯವಾಗಿ ಯಾರೂ ಬಳಸಬಾರದು. ಆದರೆ ಸತ್ಯವನ್ನೂ ಮುಚ್ಚಬಾರದು. ಲಂಡನ್ ಮುಂತಾದ ಕಡೆ ನೆಲೆಸಿದ ಪಾಕಿಸ್ತಾನಿ ಮತ್ತು ಬಾಂಗ್ಲಾದೇಶಿ ಮೂಲದವರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬ್ರಿಟನ್ನಿನ ಪಾಕಿಸ್ತಾನಿ ಮೂಲದವರ ಎರಡನೆಯ ಬಗೆಯ ಮಧುಮೇಹದಲ್ಲಿ ಶೇಕಡಾ 5ರಿಂದ 18ರಷ್ಟಕ್ಕೆ ತಲೆತಲಾಂತರದ ರಕ್ತಸಂಬಂಧದ ಮದುವೆ ಕಾರಣವಿರಬಹುದು ಎಂದು ಅಂದಾಜು ಮಾಡಿದೆ. ಇಬ್ಬರ ಮನೆಯಲ್ಲೂ ಸಕ್ಕರೆ ಇದ್ದು ಇಬ್ಬರೂ ಹತ್ತಿರದ ಸಂಬಂಧಿಗಳಾಗಿದ್ದರೆ, ನಿಕಾಹ್‌ಗೆ ಮುಂಚೆ ಹಿರಿಯರು ಒಂದು ಕ್ಷಣ ಯೋಚಿಸಬೇಕೆಂದು ನನ್ನ ವಿನಂತಿ. ಸಂಬಂಧದೊಳಗೆ ಮದುವೆಯಾಗುವುದಕ್ಕೆ ಅನುಮತಿ ಇದೆ, ಆಗಲೇಬೇಕೆಂಬ ಕಟ್ಟಳೆ ಇಲ್ಲ. ಈಗಾಗಲೇ ಆಗಿರುವವರು ಹೆದರಬೇಕಾಗಿಲ್ಲ, ಅವರ ಮಕ್ಕಳು ಮೂವತ್ತು ದಾಟುವ ಮೊದಲೇ ಪರೀಕ್ಷೆ ಶುರು ಮಾಡಿದರೆ ಆಯಿತು.

ಇನ್ನು ವುಜೂ. ದಿನಕ್ಕೆ ಐದು ಸಲ ಪಾದವನ್ನು ಗಿಲಕಿಯವರೆಗೆ ತೊಳೆಯುವ, ಬೆರಳ ಸಂದಿಗಳಲ್ಲಿ ಕಿರುಬೆರಳು ಆಡಿಸಿ ಖಿಲಾಲ್ ಮಾಡುವ ಪದ್ಧತಿ ನಮ್ಮಲ್ಲಿದೆ. ವೈದ್ಯರು ದಿನಕ್ಕೆ ಒಮ್ಮೆಯಾದರೂ ಪಾದ ನೋಡಿಕೊಳ್ಳಿ ಎನ್ನುತ್ತಾರೆ, ನಮಗೆ ಐದು ಅವಕಾಶಗಳಿವೆ. ಆದರೆ ನಾವು ತೊಳೆಯುತ್ತೇವೆ, ನೋಡುವುದಿಲ್ಲ. ಒದ್ದೆ ಕಾಲಲ್ಲಿಯೇ ಸಫ್‌ಗೆ ಓಡುತ್ತೇವೆ. ಸಂದಿ ಒದ್ದೆಯಾಗಿ ಉಳಿದರೆ ಬಿಳಿಯಾಗಿ ಬಿರಿದು ಸೋಂಕಿಗೆ ಬಾಗಿಲು ತೆರೆಯುತ್ತದೆ. ವುಜೂಖಾನೆಯ ಹತ್ತಿರ ಒಂದು ಕೂಡುವ ಕಟ್ಟೆ, ಚೆನ್ನಾದ ಬೆಳಕು, ಕಾಲು ಒರೆಸಲು ಪ್ರತಿಯೊಬ್ಬರೂ ತಮ್ಮ ಕಿಸೆಯಲ್ಲಿ ಒಂದು ಸ್ವಂತ ಕರವಸ್ತ್ರ, 이ಷ್ಟು ಆದರೆ ದೊಡ್ಡ ಕೆಲಸವಾದೀತು. ಚಳಿಗಾಲದಲ್ಲಿ ಬಿಸಿನೀರನ್ನು ಕಾಲಿಗೆ ಹಾಕುವ ಮೊದಲು ಮೊಣಕೈಯಿಂದ ಮುಟ್ಟಿ ನೋಡಬೇಕು, ಜೋಮು ಹಿಡಿದ ಕಾಲಿಗೆ ಬಿಸಿ ತಿಳಿಯುವುದಿಲ್ಲ. ಆಣಿಯನ್ನು ಬ್ಲೇಡಿನಿಂದ ಕೆತ್ತಬಾರದು, ಆಣಿ ಪಟ್ಟಿ ಅಂಟಿಸಬಾರದು. ಚಪ್ಪಲಿ ಬೂಟು ಹಾಕುವ ಮೊದಲು ಒಳಗೆ ಕೈ ಹಾಕಿ ನೋಡಬೇಕು.

ಸಕ್ಕರೆ ಹತೋಟಿಯ ಬಗ್ಗೆ ಒಂದೇ ಮಾತು. ಗೋಕಾಕದ ಕರದಂಟು ಬಿಟ್ಟುಬಿಡಿ ಎಂದರೆ ನನ್ನನ್ನು ಈ ವೇದಿಕೆಯಿಂದ ಇಳಿಸಿಬಿಡುತ್ತೀರಿ, ಆದರೆ ಬೆಲ್ಲದಲ್ಲಿ ಮಾಡಿದ್ದು ಎಂದ ಮಾತ್ರಕ್ಕೆ ಅದು ಸಕ್ಕರೆ ಕಾಯಿಲೆಗೆ ನಡೆಯುತ್ತದೆ ಎಂಬುದು ಸುಳ್ಳು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಎಂಬ ಪರೀಕ್ಷೆ ಇದೆ. ಅದು ಒಂದು ಅಂಶ ಕಡಿಮೆ ಇದ್ದವರಲ್ಲಿ ಕಾಲು ಕತ್ತರಿಸುವ ಅಥವಾ ಕಾಲಿನ ರಕ್ತನಾಳದ ಕಾಯಿಲೆಯಿಂದ ಸಾಯುವ ಪ್ರಮಾಣ ಶೇಕಡಾ 43ರಷ್ಟು ಕಡಿಮೆ ಇತ್ತೆಂದು 2000ದಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಸಿದ್ಧ ಅಧ್ಯಯನ ಹೇಳುತ್ತದೆ. ವಂಶವಾಹಿಯ ಆರು, ಹತೋಟಿಯ ನಲವತ್ಮೂರು. ಎರಡನ್ನೂ ಅಳೆದ ರೀತಿ ಬೇರೆ, ಪಕ್ಕಪಕ್ಕ ಇಟ್ಟು ಕೂಡಿಸಿ ಕಳೆಯುವಂತಿಲ್ಲ. ಆದರೂ ಯಾವ ಕಡೆ ನಮ್ಮ ಕೈ ಓಡುತ್ತದೆ ಎಂಬುದು ತಿಳಿಯುತ್ತದೆ.

ಈಗ ಆ ಪುಕ್ಕಟೆ ಪರೀಕ್ಷೆ. ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ವೈದ್ಯರು ರೂಪಿಸಿದ್ದು, ಸಲಕರಣೆ ಏನೂ ಬೇಡ. ವಿದ್ಯಾರ್ಥಿಗಳೇ, ಇವತ್ತು ರಾತ್ರಿ ನಿಮ್ಮ ಮನೆಯಲ್ಲಿ ಸಕ್ಕರೆ ಇರುವ ಅಬ್ಬಾ, ಅಮ್ಮೀ, ದಾದಿ, ನಾನಾ ಯಾರಿದ್ದರೂ ಮಂಚದ ಮೇಲೆ ಕಾಲು ಚಾಚಿ ಕಣ್ಣು ಮುಚ್ಚಲು ಹೇಳಿರಿ. ಮುಟ್ಟಿದ್ದು ಗೊತ್ತಾದ ಕೂಡಲೇ ‘ಬಲ’ ಅಥವಾ ‘ಎಡ’ ಎಂದು ಹೇಳಬೇಕು. ನಿಮ್ಮ ತೋರುಬೆರಳಿನ ತುದಿಯಿಂದ ಬಲಗಾಲಿನ ಹೆಬ್ಬೆರಳು, ಆಮೇಲೆ ಕಿರುಬೆರಳು, ನಂತರ ಎಡಗಾಲಿನ ಹೆಬ್ಬೆರಳು, ಕಿರುಬೆರಳು, ಕೊನೆಗೆ ಎರಡೂ ಕಾಲಿನ ನಡುಬೆರಳು, ಹೀಗೆ ಆರು ಬೆರಳುಗಳ ತುದಿಯನ್ನು ಒಂದೆರಡು ಸೆಕೆಂಡು ಹೂವು ಮುಟ್ಟಿದ ಹಾಗೆ ಮುಟ್ಟಿರಿ. ಒತ್ತಬಾರದು, ತಟ್ಟಬಾರದು, ಕಚಗುಳಿ ಇಡಬಾರದು. ಒಂದು ಬೆರಳನ್ನು ಒಂದೇ ಸಲ ಮುಟ್ಟಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳುಗಳಲ್ಲಿ ಗೊತ್ತಾಗದಿದ್ದರೆ ಆ ಪಾದದ ಸ್ಪರ್ಶ ಕಡಿಮೆಯಾಗಿದೆ ಎಂದು ತಿಳಿಯಿರಿ. ಹೆದರಿಸಬೇಡಿರಿ, ಆದರೆ ಆ ವಾರದಲ್ಲಿಯೇ ತಾಲೂಕಾ ಆಸ್ಪತ್ರೆಯ ಎನ್‌ಸಿಡಿ ವಿಭಾಗಕ್ಕೆ ಕರೆದುಕೊಂಡು ಹೋಗಿರಿ. ಹುಣ್ಣು, ಕೆಂಪು, ಬಾವು, ಕಪ್ಪು ಬಣ್ಣ ಏನಾದರೂ ಕಂಡರೆ ವಾರ ಕಾಯುವ ಮಾತೇ ಇಲ್ಲ, ಮರುದಿನ ಬೆಳಿಗ್ಗೆಯೇ ಹೋಗಬೇಕು.

ಎಂಟನೆಯ ತರಗತಿ ಮತ್ತು ಮೇಲಿನವರು ಮಾಡಿದ್ದನ್ನು ಒಂದು ಚೀಟಿಯಲ್ಲಿ ಬರೆದು ಸೋಮವಾರ ತನ್ನಿರಿ. ಹೆಸರು ಬೇಡ, ಸಂಬಂಧ ಮತ್ತು ಆರರಲ್ಲಿ ಎಷ್ಟು ಎಂಬುದು ಸಾಕು. ಉರ್ದುವಿನಲ್ಲಿ ಬರೆದರೂ ನಡೆಯುತ್ತದೆ, ಕನ್ನಡದಲ್ಲಿ ಬರೆದರೂ ನಡೆಯುತ್ತದೆ, ಎರಡನ್ನೂ ತಿದ್ದುವವನು ನಾನೇ.